ಬೆಳೆಯುವ ದೇಹ, ಬದಲಾಗದ ಲಯ

ಗೋಡೆ ಗಡಿಯಾರವೊಂದರ ಲೋಲಕವನ್ನು ನಾಲ್ಕು ಪಟ್ಟು ಉದ್ದ ಮಾಡಿದೆವೆಂದು ಭಾವಿಸೋಣ. ಆಗ ಅದರ ಒಂದೊಂದು ತೂಗಾಟಕ್ಕೂ ಮೊದಲಿನ ಎರಡರಷ್ಟು ಕಾಲ ಹಿಡಿಯುವುದೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಆದುದರಿಂದಲೇ ಗಡಿಯಾರ ತಯಾರಿಸುವವನು ಲೋಲಕದ ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಎಚ್ಚರ ವಹಿಸುತ್ತಾನೆ. ಯಂತ್ರದ ನಡೆ ಸ್ಥಿರವಾಗಿರಬೇಕಾದರೆ ಅದರ ಭಾಗಗಳು ಸ್ಥಿರವಾಗಿರಬೇಕು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ.

ಪ್ರಾಣಿಯ ದೇಹದಲ್ಲಿಯೂ ಗಡಿಯಾರಗಳುಂಟು. ಉಸಿರಾಡುವುದು, ಅಗಿಯುವುದು, ನಡೆಯುವುದು, ಈಜುವುದು ಇವೆಲ್ಲವೂ ಒಂದು ಲಯಕ್ಕೆ ಒಳಪಟ್ಟ ಕ್ರಿಯೆಗಳು. ಆ ಲಯವನ್ನು ಹುಟ್ಟಿಸುವುವು ನರಕೋಶಗಳ ಜಾಲಗಳು. ಆದರೆ ಈ ಗಡಿಯಾರಗಳ ಭಾಗಗಳು ಎಂದೂ ಇದ್ದಂತೆ ಇರುವುದಿಲ್ಲ. ಪ್ರಾಣಿ ಬೆಳೆದಂತೆ ನರಕೋಶಗಳು ಹಿಗ್ಗುವುವು, ಅವುಗಳ ಎಳೆಗಳು ನೀಳವಾಗುವುವು. ಕೋಶದೊಳಗಿನ ಪ್ರೋಟೀನುಗಳು ಕೆಲವು ದಿನ ಅಥವಾ ಕೆಲವು ವಾರ ಬಾಳಿ ಅಳಿದುಹೋಗುವುವು. ಅವುಗಳ ಸ್ಥಾನಕ್ಕೆ ಹೊಸವು ಬರುವುವು. ದುರಸ್ತಿಗೆಂದು ಒಂದು ದಿನ ಕೆಲಸ ನಿಲ್ಲಿಸುವ ಅನುಕೂಲ ನರಜಾಲಕ್ಕಿಲ್ಲ. ಉಸಿರು ನಿಂತರೆ ಬಾಳೇ ನಿಂತಂತೆ. ಹಾಗಾದರೆ, ಭಾಗಗಳೆಲ್ಲ ಬದಲಾಗುತ್ತಿರುವಾಗ ಲಯ ಮಾತ್ರ ಕೆಡದೆ ಉಳಿಯುವುದು ಹೇಗೆ? ಜೀವವಿಜ್ಞಾನಕ್ಕೂ ಭೌತವಿಜ್ಞಾನಕ್ಕೂ ಸಮಾನವಾಗಿ ಸೇರಿದ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸೋಣ.

ಬೆಳವಣಿಗೆ ಒಡ್ಡುವ ತೊಡಕು

ಮೊದಲು ತೊಡಕಿನ ಸ್ವರೂಪವನ್ನು ಲೆಕ್ಕ ಹಾಕಿ ನೋಡೋಣ. ನರಕೋಶವನ್ನು ತೆಳುವಾದ ಪೊರೆಯಿಂದ ಆವೃತವಾದ ಒಂದು ಗೋಳವೆಂದು ಎಣಿಸಬಹುದು. ಪೊರೆಯ ಒಳಗೂ ಹೊರಗೂ ಲವಣದ್ರಾವಣ; ನಡುವೆ ವಿದ್ಯುತ್ತನ್ನು ಸುಲಭವಾಗಿ ಬಿಡದ ಪೊರೆ. ಆದ್ದರಿಂದ ಪೊರೆ ಒಂದು ವಿದ್ಯುದ್ಧಾರಕದಂತೆ ವರ್ತಿಸುವುದು. ಪೊರೆಯಲ್ಲಿ ಅಲ್ಲಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಹಾದುಹೋಗುವ ಸೂಕ್ಷ್ಮ ದ್ವಾರಗಳಿವೆ. ಅವು ತೆರೆದು ಮುಚ್ಚುವುದರಿಂದಲೇ ನರದ ವಿದ್ಯುನ್ಮಿಡಿತ ಹುಟ್ಟುವುದು. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲಿಷ್ ವಿಜ್ಞಾನಿಗಳು ೧೯೫೨ರಲ್ಲಿ ಈ ಕ್ರಿಯೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ೧೯೬೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಗೋಳದ ತ್ರಿಜ್ಯ ಇಮ್ಮಡಿಯಾಯಿತೆನ್ನೋಣ. ಪೊರೆಯ ವಿಸ್ತೀರ್ಣ ನಾಲ್ಮಡಿಯಾಗುವುದು. ದ್ವಾರಗಳ ಸಾಂದ್ರತೆ ಹಿಂದಿನಂತೆಯೇ ಇದ್ದರೆ ಕೋಶದ ವಿದ್ಯುದ್ರೋಧ ಕಾಲುಭಾಗಕ್ಕೆ ಇಳಿಯುವುದು. ಆಗ ನೆರೆಯ ಕೋಶದಿಂದ ಮೊದಲಿನಷ್ಟೇ ಪ್ರವಾಹ ಬಂದರೂ ಅದು ಉಂಟುಮಾಡುವ ವಿಭವದ ಬದಲಾವಣೆ ಮೊದಲಿನ ಕಾಲುಭಾಗ ಮಾತ್ರ. ನಿನ್ನೆ ಕೂಗಿ ಹೇಳಿದಂತೆ ಕೇಳುತ್ತಿದ್ದ ಸಂದೇಶ ಇಂದು ಪಿಸುಮಾತಾಗುವುದು.

ಎಳೆಗಳ ಪಾಡು ಇನ್ನೂ ಕಠಿನ. ನರದ ಎಳೆಯಲ್ಲಿ ಸಾಗುವ ವಿಭವ ದೂರ ಹೋದಂತೆ ಕುಗ್ಗುವುದು. ಎಷ್ಟು ದೂರದಲ್ಲಿ ಎಷ್ಟು ಕುಗ್ಗುವುದೆಂಬುದು ಎಳೆಯ ವ್ಯಾಸದ ವರ್ಗಮೂಲವನ್ನು ಅವಲಂಬಿಸಿದೆ. ಉದ್ದವೂ ವ್ಯಾಸವೂ ಎರಡೆರಡು ಪಟ್ಟಾದರೆ ಸಂಜ್ಞೆ ತಾಳಿಕೊಳ್ಳುವ ದೂರ ೧.೪ ಪಟ್ಟು ಮಾತ್ರ ಹೆಚ್ಚುವುದು. ಸಂಜ್ಞೆ ಹಿಂದಿನಂತೆ ತಲುಪಬೇಕಾದರೆ ಎಳೆ ಎರಡು ಪಟ್ಟು ನೀಳವಾದಾಗ ನಾಲ್ಕು ಪಟ್ಟು ದಪ್ಪವಾಗಬೇಕು. ಚಿಕ್ಕ ಚಿತ್ರವನ್ನು ಹಿಗ್ಗಿಸಿ ದೊಡ್ಡದು ಮಾಡಿದಂತೆ ನರಕೋಶವನ್ನು ಹಿಗ್ಗಿಸಿದರೆ ಸಾಲದೆಂಬುದು ಇದರಿಂದ ಸ್ಪಷ್ಟ.

ಲಾಬ್‌ಸ್ಟರಿನ ಜಠರದಲ್ಲಿ ಒಂದು ಗಡಿಯಾರ

ಲಾಬ್‌ಸ್ಟರ್ ಏಡಿ ಸಿಗಡಿಗಳ ಬಳಗಕ್ಕೆ ಸೇರಿದ ಕಡಲಜೀವಿ. ಇದರ ಹಲ್ಲುಗಳು ಬಾಯಲ್ಲಿಲ್ಲ, ಜಠರದಲ್ಲಿವೆ! ಮೂರು ಹಲ್ಲುಗಳು ಅಲ್ಲಿ ಆಹಾರವನ್ನು ಅರೆಯುವುವು. ಅದರ ಹಿಂದಿನ ಭಾಗ ಅರೆದುದನ್ನು ಸೋಸಿ ಮುಂದೆ ಕಳುಹಿಸುವುದು. ಈ ಸ್ನಾಯುಗಳನ್ನು ಆಳುವುದು ಸುಮಾರು ಮೂವತ್ತು ನರಕೋಶಗಳಿರುವ ಒಂದು ನರಗಂಟು. ಮನುಷ್ಯನ ಮೆದುಳಿನ ಸಾವಿರಾರು ಕೋಟಿ ಕೋಶಗಳ ಮುಂದೆ ಈ ಮೂವತ್ತು ಏನೂ ಅಲ್ಲ. ಆದರೆ ವಿಜ್ಞಾನಿಗೆ ಇದೇ ಅನುಕೂಲ: ಒಂದೊಂದು ಕೋಶಕ್ಕೂ ಹೆಸರಿಟ್ಟು, ಪ್ರತಿಯೊಂದು ಪ್ರಾಣಿಯಲ್ಲಿಯೂ ಅದನ್ನೇ ಗುರುತಿಸಿ ಅಳೆಯಬಹುದು. ನರಗಂಟನ್ನು ಹೊರತೆಗೆದು ತಕ್ಕ ಲವಣಜಲದಲ್ಲಿಟ್ಟರೂ ಅದು ತನ್ನ ಲಯವನ್ನು ನುಡಿಸುತ್ತಲೇ ಇರುವುದು.

ಸೋಸುವ ಭಾಗದ ಲಯ ಸುಮಾರು ಸೆಕೆಂಡಿಗೊಂದು ಆವರ್ತದಂತೆ ನಡೆಯುವುದು. ಪ್ರತಿ ಆವರ್ತದಲ್ಲಿಯೂ ಕೋಶಗಳ ಮೂರು ಗುಂಪುಗಳು ಸರದಿಯಂತೆ ಒಂದಾದಮೇಲೊಂದು ಮಿಡಿಯುವುವು. ಈ ಸರದಿ ತಪ್ಪಿದರೆ ಜಠರದ ಕೆಲಸ ಕೆಡುವುದು. ಲಾಬ್‌ಸ್ಟರ್ ಬೆಳೆಯುವಾಗ ತನ್ನ ಗಟ್ಟಿ ಹೊರಚಿಪ್ಪನ್ನು ಮತ್ತೆ ಮತ್ತೆ ಕಳಚುತ್ತದೆ. ಜಠರದ ಹಲ್ಲುಗಳೂ ಚಿಪ್ಪಿನೊಡನೆ ಕಳಚಿ ಹೊಸವು ಮೂಡುವುವು. ಆ ಹಲ್ಲುಗಳನ್ನು ಆಡಿಸುವ ನರಗಂಟಿಗೆ ಮಾತ್ರ ಹಾಗೆ ಹೊಸದಾಗಿ ಮೂಡುವ ಅವಕಾಶವಿಲ್ಲ.

ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ ಈವ್ ಮಾರ್ಡರ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಈ ನರಗಂಟನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ. ಅವರಲ್ಲಿ ಡಿರ್ಕ್ ಬೂಖರ್, ಆಸ್ಟ್ರಿಡ್ ಪ್ರಿಂಟ್ಸ್ ಮತ್ತು ಮಾರ್ಡರ್ ಎಳೆಯ ಲಾಬ್‌ಸ್ಟರುಗಳ ಲಯವನ್ನು ಬಲಿತವುಗಳ ಲಯದೊಡನೆ ಹೋಲಿಸಿ ೨೦೦೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೋಶಗಳ ಗಾತ್ರ ಬಹಳ ಹೆಚ್ಚಿದ್ದರೂ ಸರದಿಯ ಕ್ರಮವಾಗಲಿ, ಆವರ್ತದಲ್ಲಿ ಒಂದೊಂದು ಗುಂಪು ಪಡೆಯುವ ಪಾಲಾಗಲಿ ಬೇರೆಯಾಗಿರಲಿಲ್ಲ. ಲೋಲಕ ನೀಳವಾಗಿತ್ತು, ಗಡಿಯಾರ ತಪ್ಪಿರಲಿಲ್ಲ.

ಒಂದೇ ಉತ್ತರ, ಹಲವು ಲೆಕ್ಕ

ಹಾಗಾದರೆ ಪ್ರತಿ ಲಾಬ್‌ಸ್ಟರಿನಲ್ಲಿಯೂ ಎಲ್ಲ ದ್ವಾರಗಳ ಸಂಖ್ಯೆ ಯಾವುದೋ ಒಂದೇ ನಿಖರವಾದ ಪಟ್ಟಿಗೆ ಹೊಂದಿರುವುದೆ? ಈ ಅನುಮಾನವನ್ನು ಪರೀಕ್ಷಿಸಲು ಪ್ರಿಂಟ್ಸ್, ಬೂಖರ್ ಮತ್ತು ಮಾರ್ಡರ್ ಗಣಕಯಂತ್ರದ ನೆರವು ಪಡೆದರು. ಮೂರು ಕೋಶಗಳ ಮಾದರಿ ಜಾಲವೊಂದನ್ನು ರಚಿಸಿ, ಕೋಶಗಳ ಗುಣಗಳನ್ನೂ ಅವುಗಳ ನಡುವಣ ಸಂಧಿಗಳ ಬಲವನ್ನೂ ಬದಲಿಸುತ್ತ ಎರಡು ಕೋಟಿಗೂ ಹೆಚ್ಚು ಜಾಲಗಳನ್ನು ಲೆಕ್ಕ ಹಾಕಿಸಿದರು. ೨೦೦೪ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜಾಲಗಳು ನಿಜವಾದ ಪ್ರಾಣಿಯ ಲಯವನ್ನೇ ನೀಡಿದುವು. ಅವುಗಳ ಒಳರಚನೆಗಳಾದರೋ ಒಂದಕ್ಕೊಂದು ತೀರ ಭಿನ್ನ.

ಇದರಲ್ಲಿ ಮಾಯೆಯೇನೂ ಇಲ್ಲ. ಹನ್ನೆರಡು ಎಂಬ ಗುಣಲಬ್ಧವನ್ನು ಮೂರು ನಾಲ್ಕುಗಳಿಂದಲೂ ಪಡೆಯಬಹುದು, ಎರಡು ಆರುಗಳಿಂದಲೂ ಪಡೆಯಬಹುದು. ಒಂದು ಬಗೆಯ ದ್ವಾರ ಹೆಚ್ಚಿದ್ದರೆ ಅದಕ್ಕೆ ಎದುರಾಗಿ ಕೆಲಸ ಮಾಡುವ ಇನ್ನೊಂದು ಬಗೆಯದೂ ಹೆಚ್ಚಿದ್ದು ಲೆಕ್ಕ ಸರಿಹೋಗಬಹುದು. ೨೦೦೬ರಲ್ಲಿ ನಿಜವಾದ ಏಡಿಗಳಲ್ಲಿ ಒಂದೇ ಹೆಸರಿನ ಕೋಶವನ್ನು ಅಳೆದು ನೋಡಿದಾಗಲೂ ಪ್ರಾಣಿಯಿಂದ ಪ್ರಾಣಿಗೆ ದ್ವಾರಗಳ ವಾಹಕತೆ ಎರಡರಿಂದ ನಾಲ್ಕು ಪಟ್ಟಿನವರೆಗೆ ವ್ಯತ್ಯಾಸವಾಗಿರುವುದು ಕಂಡುಬಂದಿತು. ಬೆಳೆಯುವ ಪ್ರಾಣಿಗೆ ಇದು ದೊಡ್ಡ ಅನುಕೂಲ. ಅದು ಒಂದೇ ಕಿರಿದಾದ ದಾರಿಯಲ್ಲಿ ನಡೆಯಬೇಕಾಗಿಲ್ಲ. ಅಗಲವಾದ ಬಯಲಿನಲ್ಲಿ ಎಲ್ಲಿದ್ದರೂ ಸಾಕು.

ಕೋಶ ತನ್ನನ್ನು ತಾನು ಅಳೆಯುವ ಬಗೆ

ಆದರೆ ಆ ಬಯಲಿನ ಎಲ್ಲೆ ದಾಟದಂತೆ ಕೋಶವನ್ನು ಕಾಯುವುದು ಯಾವುದು? ಕೋಶದ ಬಳಿ ತನ್ನ ತ್ರಿಜ್ಯವನ್ನು ಅಳೆಯುವ ಅಳತೆಗೋಲಿಲ್ಲ. ಆದರೆ ಕೋಶ ಮಿಡಿದಾಗಲೆಲ್ಲ ಅದರೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದು. ಒಳಗಿನ ಕ್ಯಾಲ್ಸಿಯಮ್ಮಿನ ಸರಾಸರಿ ಪ್ರಮಾಣವೇ ಕೋಶ ಎಷ್ಟು ದುಡಿಯುತ್ತಿದೆಯೆಂಬುದರ ಸೂಚಿ. ಈ ಸೂಚಿಯನ್ನು ನೋಡಿಕೊಂಡು ಕೋಶ ತನ್ನ ದ್ವಾರಗಳನ್ನು ಕೂಡಿಸಿ ಕಳೆಯುವುದೆಂಬ ಮಾದರಿಯನ್ನು ಮಾರ್ಡರ್, ಆಬಟ್ ಮೊದಲಾದವರು ೧೯೯೩ರಲ್ಲಿ ಮುಂದಿಟ್ಟರು. ವಿದ್ಯುತ್ ಇಸ್ತ್ರಿಪೆಟ್ಟಿಗೆಯ ಉಷ್ಣನಿಯಂತ್ರಕ ಮಾಡುವುದೂ ಇದನ್ನೇ. ಹೊರಗೆ ಚಳಿಯೋ ಸೆಕೆಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಪೆಟ್ಟಿಗೆ ತಣ್ಣಗಾದರೆ ಪ್ರವಾಹ ಬಿಡುವುದು, ಕಾದರೆ ತಡೆಯುವುದು. ಹಾಗೆಯೇ ಕೋಶ ಬೆಳೆದು ಸಂದೇಶಗಳು ಕ್ಷೀಣಿಸಿದಾಗ ಮಿಡಿತ ಕಡಿಮೆಯಾಗುವುದು, ಕ್ಯಾಲ್ಸಿಯಂ ಇಳಿಯುವುದು. ಆಗ ಮಿಡಿತಕ್ಕೆ ನೆರವಾಗುವ ದ್ವಾರಗಳು ಹೆಚ್ಚಾಗಿ ತಯಾರಾಗುವುವು. ಬೆಳವಣಿಗೆಯ ಲೆಕ್ಕವನ್ನು ಯಾರೂ ಮೊದಲೇ ಬರೆದಿಡಬೇಕಾಗಿಲ್ಲ.

ಪ್ರಯೋಗಗಳು ಇದಕ್ಕೆ ಬೆಂಬಲವಾಗಿವೆ. ಟರಿಜಿಯಾನೊ, ಆಬಟ್ ಮತ್ತು ಮಾರ್ಡರ್ ೧೯೯೪ರಲ್ಲಿ ಲಾಬ್‌ಸ್ಟರಿನ ನರಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಬೆಳೆಸಿದರು. ನೆರೆಯವರ ಒಡನಾಟ ಕಳೆದುಕೊಂಡ ಕೋಶಗಳು ಮೊದಲು ಲಯಬದ್ಧವಾಗಿ ಮಿಡಿಯಲಿಲ್ಲ. ಕೆಲವು ದಿನಗಳಲ್ಲಿ ತಮ್ಮಷ್ಟಕ್ಕೆ ತಾವೇ ಲಯಕ್ಕೆ ಮರಳಿದುವು. ೧೯೯೮ರಲ್ಲಿ ಟರಿಜಿಯಾನೊ ಮತ್ತು ಸಂಗಡಿಗರು ಇಲಿಯ ಮೆದುಳಿನ ಕೋಶಗಳಲ್ಲಿಯೂ ಇದಕ್ಕೆ ಹತ್ತಿರವಾದ ಗುಣವನ್ನು ಕಂಡರು. ಮಿಡಿತವನ್ನು ಎರಡು ದಿನ ಅಡಗಿಸಿಟ್ಟರೆ ಕೋಶಗಳ ನಡುವಣ ಸಂಧಿಗಳು ಬಲಗೊಳ್ಳುವುವು. ಮಿಡಿತ ಅತಿಯಾದರೆ ಸಂಧಿಗಳು ಸಡಿಲವಾಗುವುವು.

ಸ್ಥಿರತೆಯ ಎಲ್ಲೆ

ಇಂಥ ಸ್ಥಿರತೆಗೂ ಒಂದು ಎಲ್ಲೆಯುಂಟು. ಏಡಿಯ ನರಗಂಟನ್ನು ೭ ಡಿಗ್ರಿ ಸೆಲ್ಸಿಯಸ್‌ನಿಂದ ೨೩ ಡಿಗ್ರಿಯವರೆಗೆ ಬಿಸಿಮಾಡಿದರೆ ಲಯ ಸುಮಾರು ನಾಲ್ಕು ಪಟ್ಟು ಚುರುಕಾಗುವುದಾದರೂ ಸರದಿ ಕೆಡುವುದಿಲ್ಲ. ಬಿಸಿ ಇನ್ನೂ ಏರಿದರೆ ಲಯ ಮುರಿದುಬೀಳುವುದು. ಅದು ಮುರಿಯುವ ಬಗೆ ಒಂದೊಂದು ಏಡಿಯಲ್ಲಿಯೂ ಒಂದೊಂದು. ಸುಖದ ದಿನಗಳಲ್ಲಿ ಒಂದೇ ತೆರನಾಗಿ ಕಂಡವುಗಳ ಒಳಗಿನ ಭೇದ ಕಷ್ಟದ ದಿನ ಹೊರಬೀಳುವುದು.

ಇದು ಏಡಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಮೂರ್ಛೆರೋಗದಂತಹ ಕಾಯಿಲೆಗಳಲ್ಲಿ ಮೆದುಳಿನ ಲಯ ಹದ ತಪ್ಪುವುದು. ಒಂದೇ ಔಷಧ ಒಬ್ಬ ರೋಗಿಗೆ ಗುಣ ಕೊಟ್ಟು ಇನ್ನೊಬ್ಬನಿಗೆ ಕೊಡದಿರುವುದು. ಹೊರಗಿನ ನಡೆ ಒಂದೇ ಆಗಿರುವ ಎರಡು ನರಜಾಲಗಳ ಒಳರಚನೆ ಬೇರೆಯಾಗಿರಬಹುದೆಂದು ಅರಿತ ವೈದ್ಯವಿಜ್ಞಾನಕ್ಕೆ ಇಂಥ ಪ್ರಶ್ನೆಗಳನ್ನು ಬಿಡಿಸಲು ಹೊಸದೊಂದು ದಾರಿ ತೆರೆದಂತಾಗಿದೆ. ಮಾನವನು ಕಟ್ಟಿದ ಯಂತ್ರ ಬದಲಾಗದ ಭಾಗಗಳಿಂದ ಸ್ಥಿರವಾಗಿರುವುದು. ಜೀವಿಯ ನರಜಾಲ ತನ್ನ ಭಾಗಗಳನ್ನು ಬದಲಿಸಿಕೊಳ್ಳುವುದರಿಂದಲೇ ಸ್ಥಿರವಾಗಿರುವುದು. ಎಳೆಯ ಕೂಸಾಗಿದ್ದಾಗ ಉಸಿರಾಡಲು ತೊಡಗಿದ ನಾವು ಒಂದು ದಿನವೂ ನಿಲ್ಲಿಸದೆ ಇಷ್ಟೆತ್ತರಕ್ಕೆ ಬೆಳೆದಿರುವುದಕ್ಕೆ ಈ ನಿರಂತರವಾದ ಹೊಂದಾಣಿಕೆಯೇ ಕಾರಣ.