ಐಹೊಳೆಯ ಓಣಿಗಳಲ್ಲಿ ಅರ್ಧ ದಿನ

ಬಾದಾಮಿಯಲ್ಲಿ ವಸ್ತಿ, ಪಟ್ಟದಕಲ್ಲಿಗೆ ಎರಡು ತಾಸು, ಮಿಕ್ಕ ಹೊತ್ತಿನಲ್ಲಿ ಐಹೊಳೆ. ಪ್ರವಾಸದ ಬಸ್ಸುಗಳ ಲೆಕ್ಕಾಚಾರ ಸಾಮಾನ್ಯವಾಗಿ ಇಷ್ಟೇ. ದುರ್ಗ ಗುಡಿಯ ಮುಂದೆ ಗುಂಪಿನ ಫೋಟೊ ಮುಗಿಯುವಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತುತ್ತಾನೆ. ಒಂಟಿಯಾಗಿ ಬಂದವರಿಗೆ ಆ ಗಡಿಬಿಡಿಯಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದು ಮಧ್ಯಾಹ್ನದವರೆಗೆ ಕಾಲು ಎಳೆದತ್ತ ಅಡ್ಡಾಡಿದರೆ ಹುನಗುಂದ ಸೀಮೆಯ ಈ ಪುಟ್ಟ ಊರು ಬೇರೆಯದೇ ಮುಖ ತೋರಿಸುತ್ತದೆ.

ಬಾದಾಮಿಯಿಂದ ಸುಮಾರು 35 ಕಿಲೋಮೀಟರ್ ದೂರ, ಮಲಪ್ರಭೆಯ ದಡ. ನೂರಕ್ಕೂ ಹೆಚ್ಚು ಗುಡಿಗಳು. ಹೆಚ್ಚಿನವು ಚಾಲುಕ್ಯರ ಕಾಲದವು, ಒಂದಷ್ಟು ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದವು. ದುರ್ಗ ಗುಡಿಯ ಆವರಣಕ್ಕೆ ಬೇಲಿ, ಹುಲ್ಲುಹಾಸು, ಟಿಕೆಟ್ ಕಿಟಕಿ ಎಲ್ಲವೂ ಉಂಟು. ಅದನ್ನು ದಾಟಿದರೆ ಓಣಿಗಳು ಶುರು. ಮನೆಯ ಹಿತ್ತಲಿನಲ್ಲೊಂದು ಗುಡಿ, ಗುಡಿಯ ಗೋಡೆಗೆ ಒರಗಿ ಬಣವೆ, ಪಕ್ಕದಲ್ಲೇ ಎಮ್ಮೆ ಕಟ್ಟುವ ಗೂಟ. ಕಟ್ಟೆಯ ಮೇಲೆ ಕುಂತ ಹಿರಿಯರು ಅಪರಿಚಿತ ಮುಖ ಕಂಡೊಡನೆ, ‘ಒಬ್ಬರs ಬಂದೀರೇನ್ರಿ?’ ಎನ್ನುತ್ತಾರೆ. ಗುಂಪಿನಲ್ಲಿ ಬಂದವರನ್ನು ಯಾರೂ ಹೀಗೆ ನಿಲ್ಲಿಸಿ ಕೇಳುವುದಿಲ್ಲ.

ಗುಡಿಗಳ ಹೆಸರೂ ಊರವರು ಇಟ್ಟವೇ: ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ. ಒಳಗೆ ಸಂಸಾರ ಹೂಡಿದ್ದ ಲಾಡಖಾನನ ಹೆಸರು ಅವನಿದ್ದ ಗುಡಿಗೇ ನಿಂತುಬಿಟ್ಟಿದೆ. ಅವಸರದ ಪ್ರವಾಸಿ ಇದರೊಳಗೆ ಇಣುಕಿ, ನಂದಿಗೆ ಕೈಮುಗಿದು ಹೊರಬರುತ್ತಾನೆ. ನೋಡಬೇಕಾದದ್ದು ತಲೆಯ ಮೇಲಿದೆ. ಇಳಿಜಾರು ಛಾವಣಿಯ ಹಾಸುಗಲ್ಲುಗಳು ಕೂಡುವ ಸಂದುಗಳ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಮರದ ತೊಲೆಗಳಂತೆ ಕೆತ್ತಿ ಕೂಡಿಸಿದ್ದಾರೆ. ಮಳೆನೀರು ಸಂದಿಗೆ ಇಳಿಯಬಾರದು, ಅದಕ್ಕೆ. ಮರದ ಕೆಲಸದಲ್ಲಿ ಪಳಗಿದ ಬುದ್ಧಿ ಕಲ್ಲಿಗೆ ಒಗ್ಗಿಕೊಂಡ ಬಗೆ ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ. ದುರ್ಗ ಗುಡಿಯಲ್ಲೂ ಇಂಥದೇ ಧೈರ್ಯ. ಗರ್ಭಗುಡಿಯ ಹಿಂಬದಿಯನ್ನು ಅರ್ಧಚಂದ್ರದಂತೆ ದುಂಡಗೆ ತಿರುಗಿಸಿ, ಸುತ್ತಲೂ ಕಂಬಗಳ ಮೊಗಸಾಲೆ ಕಟ್ಟಿದ್ದಾರೆ. ಅಲ್ಲಿ ನಿಧಾನಕ್ಕೆ ಸುತ್ತುಬಂದರೆ ನರಸಿಂಹ, ವರಾಹ, ಮಹಿಷಮರ್ದಿನಿ, ಅರ್ಧನಾರೀಶ್ವರ ಒಬ್ಬೊಬ್ಬರಾಗಿ ಎದುರಾಗುತ್ತಾರೆ.

ಇದು ಅರಸರ ಊರಷ್ಟೇ ಅಲ್ಲ, ವ್ಯಾಪಾರಿಗಳ ಊರೂ ಹೌದು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಇದೇ ಊರಿನ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ ಕುದುರೆ, ರತ್ನ, ಸಾಂಬಾರ ಪದಾರ್ಥಗಳ ವ್ಯಾಪಾರ ನಡೆಸಿತು. ಐನೂರ್ವರನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಸಿಕ್ಕಿರುವುದು ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾದ ಬಾರೂಸ್‌ ಬಂದರಿನ ಬಳಿ. ಇಂದು ಸಂಜೆ ಬಸ್ಸು ತಪ್ಪಿದರೆ ಪರದಾಡಬೇಕಾದ ಊರಿನ ಹೆಸರು ಒಂದು ಕಾಲಕ್ಕೆ ಅಷ್ಟು ದೂರದ ಪೇಟೆಯನ್ನು ಮುಟ್ಟಿತ್ತು. ಇಲ್ಲಿನ ಫಲಕಗಳು ಈ ಕಥೆಯನ್ನು ಇನ್ನೂ ದೊಡ್ಡದಾಗಿ ಹೇಳಬೇಕು.

ಸ್ಮಾರಕಗಳ ನಡುವೆಯೇ ಜನ ಬಾಳುವ ಊರು ಐಹೊಳೆಯೊಂದೇ ಅಲ್ಲ. ಗ್ರೀಸಿನ ರೋಡ್ಸ್ ದ್ವೀಪದಲ್ಲೂ ಮಧ್ಯಯುಗದ ಅಂಥ ಹಳೇ ಪಟ್ಟಣವೊಂದಿದೆ. ಸಂತ ಜಾನ್ ಪಂಥದ ಯೋಧರು 1309ರಿಂದ 1522ರವರೆಗೆ ಆಳಿದ ಊರು ಅದು, 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಕೋಟೆಯ ಗೋಡೆಯೊಳಗೆ ಜನ ಇಂದಿಗೂ ಒಲೆ ಹೊತ್ತಿಸುತ್ತಾರೆ, ಅಂಗಡಿ ತೆರೆಯುತ್ತಾರೆ. ಐಹೊಳೆಯಲ್ಲಿ ಮಾತ್ರ ಸ್ಮಾರಕಗಳ ನಡುವಿನ ಮನೆಗಳನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಗುಡಿಯ ಗೋಡೆಗೆ ಹೊಗೆ, ಕುಳ್ಳು ಮೆತ್ತಿದರೆ ಕೆತ್ತನೆ ಹಾಳಾಗುವುದು ನಿಜ. ಕಿಷ್ಕಿಂಧೆಯಂಥ ಜಾಗದಲ್ಲಿ ಒಂದು ಕೋಣೆ ಹೆಚ್ಚಿಗೆ ಕಟ್ಟಲೂ ಕಾನೂನು ಅಡ್ಡ ಬರುವ ಮನೆಯವರ ಸಂಕಟವೂ ಅಷ್ಟೇ ನಿಜ. ಆದರೆ ಎಲ್ಲರನ್ನೂ ಎಬ್ಬಿಸಿ ಹುಲ್ಲುಹಾಸು ಬೆಳೆಸಿದರೆ ಗುಡಿಗಳು ಉಳಿದಾವು, ಊರು ಉಳಿಯದು. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ತಾಣವಾಯಿತು. ಐಹೊಳೆ, ಬಾದಾಮಿಗಳನ್ನೂ ಜೊತೆಗೂಡಿಸುವ ಪ್ರಸ್ತಾವ 2015ರಿಂದ ತಾತ್ಕಾಲಿಕ ಪಟ್ಟಿಯಲ್ಲಿದೆ. ಓಣಿಗಳಲ್ಲಿ ಬಾಳಿದವರ ಪಾಲೇನು ಎಂಬುದನ್ನು ಅದರೊಂದಿಗೇ ತೀರ್ಮಾನಿಸಬೇಕು.

ಬಿಸಿಲೇರುವ ಮುನ್ನ ಮೇಗುತಿ ಗುಡ್ಡ ಹತ್ತುವುದು ಒಳ್ಳೆಯದು. ಮೆಟ್ಟಿಲುಗಳಿವೆ, ನೆರಳು ಕಡಿಮೆ, ನೀರಿನ ಬಾಟಲಿ ಕೈಯಲ್ಲಿರಲಿ. ಮೇಲಿನ ಜೈನ ಬಸದಿಯ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಮ್ಮಡಿ ಪುಲಕೇಶಿ ಹರ್ಷನನ್ನು ಹಿಮ್ಮೆಟ್ಟಿಸಿದ್ದನ್ನು ಕೊಂಡಾಡುವ ಕವಿ, ಕೊನೆಗೆ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಯ ಪಕ್ಕ ಇಟ್ಟುಕೊಳ್ಳುತ್ತಾನೆ. ಕಾಳಿದಾಸ ಬದುಕಿದ್ದು ಇದಕ್ಕಿಂತ ಹಿಂದೆ ಎಂದು ಪಂಡಿತರು ಖಚಿತವಾಗಿ ಹೇಳಲು ಈ ಸಾಲು ಆಧಾರವಾಯಿತು. ಗುಡಿಯ ಹಿಂದೆಯೇ ಇತಿಹಾಸಪೂರ್ವ ಕಾಲದ ಕಲ್ಲುಗೋರಿಗಳಿವೆ. ಗುಡ್ಡದ ಅಂಚಿನಿಂದ ನೋಡಿದರೆ ಊರು, ಗುಡಿಗಳು, ಹೊಲಗಳು ಒಂದೇ ನೋಟಕ್ಕೆ ಸಿಗುತ್ತವೆ.

ಬಂದ ದಾರಿಯಲ್ಲೇ ಬಾದಾಮಿಗೆ ಮರಳಬೇಕೆಂದಿಲ್ಲ. ಅಮೀನಗಡದ ರಸ್ತೆ ಹಿಡಿದರೆ ಅಲ್ಲಿ ಬೆಲ್ಲ, ಅಂಟು, ಒಣಹಣ್ಣುಗಳ ಕರದಂಟು ಸಿಗುತ್ತದೆ. ಮುಂದೆ ಹುನಗುಂದ, ಅದರಾಚೆ ಇಳಕಲ್ಲು. ಸಂಜೆಗೆ ತಲುಪಿದವರು ನೇಕಾರರ ಓಣಿ ಹೊಕ್ಕು, ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ನೋಡಿ, ರಾತ್ರಿಯ ಬಸ್ಸು ಹಿಡಿಯಬಹುದು.