ಎರವಲು ಕೂದಲಿನ ಕಥೆ

“ಕೂದಲಿದ್ದವಳು ಹೇಗೆ ಬೇಕಾದರೂ ತುರುಬು ಕಟ್ಟಿಯಾಳು” ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕೂದಲಿಲ್ಲದವಳು ಏನು ಮಾಡಬೇಕೆಂಬುದನ್ನು ಗಾದೆ ತಿಳಿಸುವುದಿಲ್ಲ. ಆದರೆ ನಮ್ಮ ಹಿರಿಯರು ಅದಕ್ಕೂ ಉಪಾಯವನ್ನು ಕಂಡುಕೊಂಡಿದ್ದರು. ಮೋಟು ಜಡೆಗೆ ಚೌರಿಯನ್ನು ಸೇರಿಸಿ ಹೆಣೆದರೆ ಅದು ಸೊಂಟವನ್ನು ಮುಟ್ಟುವುದು. ನಾಟಕ ಕಂಪೆನಿಯ ನಟನು ಟೋಪನ್ನು ಧರಿಸಿದರೆ ಗಳಿಗೆಯೊಳಗೆ ಋಷಿಯೋ ರಾಣಿಯೋ ಆಗುವನು. ಅದೇ ಟೋಪನ್ನು ಈಗ ವಿಗ್ಗು ಎಂಬ ಹೆಸರಿನಿಂದ ರಂಗಸ್ಥಳವನ್ನು ಬಿಟ್ಟು ಬೀದಿಗೆ ಇಳಿದಿದೆ. ಸೀರೆಯ ಬಣ್ಣಕ್ಕೆ ಒಪ್ಪುವ ಬಳೆಯನ್ನು ಆರಿಸುವಂತೆ, ಉಡುಪಿಗೆ ಒಪ್ಪುವ ಕೂದಲನ್ನು ಆರಿಸಿಕೊಳ್ಳುವವರು ಪ್ರಪಂಚದ ದೊಡ್ಡ ನಗರಗಳಲ್ಲೆಲ್ಲ ಇದ್ದಾರೆ.

ಅಂಗಡಿಯಲ್ಲಿ ಸಾಲಾಗಿ ಇಟ್ಟ ವಿಗ್ಗುಗಳೆಲ್ಲ ನೋಟಕ್ಕೆ ಒಂದೇ ಬಗೆಯಾಗಿ ಹೊಳೆಯುತ್ತವೆ. ಬೆಲೆಯಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಹತ್ತು ಪಟ್ಟು ಅಂತರವಿರಬಹುದು. ಈ ಅಂತರಕ್ಕೆ ಕಾರಣವೇನು? ಇದನ್ನು ಅರಿಯಬೇಕಾದರೆ ಕೂದಲೆಂಬ ವಸ್ತುವಿನ ಗುಣವನ್ನು ತುಸು ತಿಳಿದಿರಬೇಕು. ಆ ಕೂದಲು ಯಾರ ತಲೆಯ ಮೇಲೆ ಬೆಳೆಯಿತೆಂಬುದನ್ನೂ ವಿಚಾರಿಸಬೇಕು. ಈ ಎರಡನೆಯ ಪ್ರಶ್ನೆ ವಿಗ್ಗಿನಷ್ಟೇ ಹಳೆಯದು.

ಅರಮನೆಯಿಂದ ಅಂಗಡಿಗೆ

ಪ್ರಾಚೀನ ಈಜಿಪ್ಟಿನ ಸಿರಿವಂತರು ತಮ್ಮ ತಲೆಗೂದಲನ್ನು ಬೋಳಿಸಿ ಅಥವಾ ಗಿಡ್ಡವಾಗಿ ಕತ್ತರಿಸಿ, ಅದರ ಮೇಲೆ ವಿಗ್ಗನ್ನು ಧರಿಸುತ್ತಿದ್ದರು. ಥೀಬ್ಸ್ ನಗರದಿಂದ ದೊರೆತ ಅಂಥ ಒಂದು ವಿಗ್ಗು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ವಯಸ್ಸು ಮೂರು ಸಾವಿರ ವರ್ಷಗಳಿಗೂ ಮಿಗಿಲು. ಮೇಲ್ಭಾಗದಲ್ಲಿ ಗುಂಗುರು, ಕೆಳಭಾಗದಲ್ಲಿ ಸಣ್ಣ ಸಣ್ಣ ಜಡೆಗಳು. ಎಲ್ಲವೂ ಮನುಷ್ಯರ ಕೂದಲೇ. ಜೇನುಮೇಣವನ್ನೂ ರಾಳವನ್ನೂ ಬಳಿದು ಅವುಗಳ ಆಕಾರವನ್ನು ಭದ್ರಪಡಿಸಿದ್ದಾರೆ.

ಯೂರೋಪಿನಲ್ಲಿ ವಿಗ್ಗಿನ ವೈಭವ ಮೆರೆದುದು ೧೭ನೆಯ ಶತಮಾನದಲ್ಲಿ. ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿಗೆ ಹರೆಯದಲ್ಲಿಯೇ ತಲೆ ಬೋಳಾಗತೊಡಗಿತು. ಅದನ್ನು ಮರೆಮಾಡಲು ಅವನು ವಿಗ್ಗು ಧರಿಸಿದನು. ದೊರೆಯನ್ನು ನೋಡಿ ಆಸ್ಥಾನವೂ, ಆಸ್ಥಾನವನ್ನು ನೋಡಿ ಪಟ್ಟಣವೂ ಧರಿಸಿದುವು. ದೋಷವನ್ನು ಮುಚ್ಚಲು ಬಂದುದು ಹೀಗೆ ದೊಡ್ಡಸ್ತಿಕೆಯ ಗುರುತಾಯಿತು. ೧೬೬೦ರ ಅನಂತರ ಇಂಗ್ಲೆಂಡಿಗೂ ಈ ಗೀಳು ಹರಡಿತು. ಲಂಡನ್ನಿನ ನೌಕಾ ಇಲಾಖೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸನು ತಾನು ೧೬೬೩ರಲ್ಲಿ ವಿಗ್ಗು ಧರಿಸಲು ತೊಡಗಿದುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ೧೬೬೫ರಲ್ಲಿ ಆ ನಗರಕ್ಕೆ ಮಹಾ ಪ್ಲೇಗು ಬಂದಾಗ ಅವನ ಸಂತೋಷ ಭಯವಾಗಿ ಮಾರ್ಪಟ್ಟಿತು. ಹೊಸದಾಗಿ ಕೊಂಡ ವಿಗ್ಗಿನ ಕೂದಲನ್ನು ಪ್ಲೇಗಿನಿಂದ ಸತ್ತವರ ತಲೆಯಿಂದ ಕತ್ತರಿಸಿರಬಹುದೇ ಎಂದು ಅವನು ಹೆದರಿದನು. ಇನ್ನು ಮುಂದೆ ವಿಗ್ಗನ್ನು ಯಾರು ತಾನೆ ಕೊಂಡಾರು ಎಂದೂ ಚಿಂತಿಸಿದನು. ಆದರೆ ಜನ ಕೊಳ್ಳುತ್ತಲೇ ಹೋದರು. ವಿಗ್ಗಿಗೆ ಹಾಕುವ ಪುಡಿಯ ಮೇಲೆ ೧೭೯೫ರಲ್ಲಿ ಬ್ರಿಟಿಷ್ ಸರಕಾರ ತೆರಿಗೆ ಹೇರಿದ ಮೇಲೆಯೇ ಈ ಸೊಗಸು ಬೇಗ ಬೇಗ ಇಳಿಮುಖವಾಯಿತು.

೧೯೬೦ರ ದಶಕದಲ್ಲಿ ವಿಗ್ಗು ಮತ್ತೊಮ್ಮೆ ತಲೆಯೆತ್ತಿತು. ಈ ಸಲ ಅದರ ಒಲವು ಹೆಂಗಸರ ಕಡೆಗೆ. ಬೇಡಿಕೆ ಎಷ್ಟು ಬೆಳೆಯಿತೆಂದರೆ ಕೂದಲು ರಾಜಕೀಯ ವಿಷಯವೂ ಆಯಿತು. ಕಮ್ಯುನಿಸ್ಟ್ ಚೀನದ ಕೂದಲು ತನ್ನ ದೇಶದೊಳಕ್ಕೆ ಬರಕೂಡದೆಂದು ೧೯೬೫ರಲ್ಲಿ ಅಮೆರಿಕ ಸರಕಾರ ತಡೆ ಹಾಕಿತು. ಕಪ್ಪು ಎಳೆಯೊಂದನ್ನು ಕೈಯಲ್ಲಿ ಹಿಡಿದು ಇದು ಯಾವ ದೇಶದ್ದೆಂದು ಹೇಳಬಲ್ಲವರಾರು? ಆದುದರಿಂದ ಮೂಲವನ್ನು ದೃಢಪಡಿಸುವ ಕಾಗದಪತ್ರಗಳು ಬೇಕಾದುವು. ಈ ತಡೆಯಿಂದ ದಕ್ಷಿಣ ಕೊರಿಯಕ್ಕೆ ಲಾಭವಾಯಿತು. ಕೆಲವೇ ವರ್ಷಗಳಲ್ಲಿ ವಿಗ್ಗು ಆ ದೇಶದ ಮುಖ್ಯ ರಫ್ತುಗಳಲ್ಲಿ ಒಂದಾಯಿತು.

ಕೂದಲಿಗೂ ಒಂದು ದಿಕ್ಕುಂಟು

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ನಮ್ಮ ಉಗುರು, ದನದ ಕೊಂಬು, ಹಕ್ಕಿಯ ಗರಿ ಇವೆಲ್ಲ ಇದೇ ಜಾತಿಯ ವಸ್ತುಗಳು. ಒಂದು ಎಳೆಯ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅದನ್ನು ಪ್ರಬಲವಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈ ನುಣುಪಾಗಿಲ್ಲವೆಂಬುದು ತಿಳಿಯುವುದು. ಮಂಗಳೂರು ಹೆಂಚಿನ ಮಾಡಿನಂತೆ ತೆಳುವಾದ ಹುರುಪೆಗಳು ಒಂದರ ಮೇಲೊಂದು ಹೊದೆದುಕೊಂಡಿರುತ್ತವೆ. ಹುರುಪೆಗಳ ಅಂಚು ಯಾವಾಗಲೂ ಕೂದಲಿನ ತುದಿಯ ಕಡೆಗೇ ಇರುವುದು.

ಇದನ್ನು ನೀವೇ ಪರೀಕ್ಷಿಸಬಹುದು. ಉದ್ದವಾದ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು, ಎಳೆಯ ನೇರದಲ್ಲಿ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿರಿ. ಕೂದಲು ನಿಂತಲ್ಲಿ ನಿಲ್ಲದೆ ಮೆಲ್ಲಗೆ ಒಂದೇ ಕಡೆಗೆ ಸರಿಯತೊಡಗುವುದು. ಮುಂದಾಗಿ ಸಾಗುವ ಕೊನೆಯೇ ಬುಡ. ಹುರುಪೆಗಳು ಒಂದು ದಿಕ್ಕಿನಲ್ಲಿ ಜಾರಲು ಬಿಟ್ಟು, ಇನ್ನೊಂದು ದಿಕ್ಕಿನಲ್ಲಿ ತಡೆಯುವುದೇ ಇದಕ್ಕೆ ಕಾರಣ.

ವಿಗ್ಗಿನ ಬೆಲೆಯ ಗುಟ್ಟು ಇಲ್ಲಿಯೇ ಇದೆ. ತಲೆಯ ಮೇಲೆ ಎಲ್ಲ ಕೂದಲುಗಳ ಬುಡವೂ ಒಂದೇ ಕಡೆಗಿದೆ. ಆದುದರಿಂದ ಅವು ಒಂದರ ಪಕ್ಕದಲ್ಲೊಂದು ಸುಖವಾಗಿ ಜಾರುತ್ತವೆ. ಬುಡ ತುದಿಗಳನ್ನು ಬೆರಸಿದರೆ ಹುರುಪೆಗೆ ಹುರುಪೆ ಸಿಕ್ಕಿಕೊಂಡು ಜಡೆಗಟ್ಟುವುದು. ಬಿಸಿನೀರಿನಲ್ಲಿ ತಿಕ್ಕಿದ ಉಣ್ಣೆ ಗಂಟಾಗುವುದೂ ಇದೇ ಬಗೆಯಲ್ಲಿ. ದಿಕ್ಕು ಕೆಡದಂತೆ ಕತ್ತರಿಸಿ ಕಟ್ಟಿದ ಕೂದಲಿಗೆ ವ್ಯಾಪಾರಿಗಳು ‘ರೆಮಿ’ ಎನ್ನುವರು. ಅದಕ್ಕೆ ಬೆಲೆ ಹೆಚ್ಚು.

ಬಾಚಣಿಗೆಯಲ್ಲಿ ಉಳಿದ ಕೂದಲಿಗೂ ಮಾರುಕಟ್ಟೆಯುಂಟು. ಸ್ಟೀಲಿನ ಪಾತ್ರೆಯನ್ನೋ ಪಿನ್ನನ್ನೋ ಕೊಟ್ಟು ಮನೆಮನೆಯಿಂದ ಕೂದಲುಂಡೆಗಳನ್ನು ಕೊಳ್ಳುವವರನ್ನು ನೀವು ಕಂಡಿರಬಹುದು. ಕೊಪ್ಪಳದ ಬಳಿಯ ಭಾಗ್ಯನಗರ ಈ ಉದ್ಯಮಕ್ಕೆ ಹೆಸರಾಗಿದೆ. ಅಲ್ಲಿ ಹೆಂಗಸರು ಗಂಟು ಬಿದ್ದ ಕೂದಲನ್ನು ತಾಳ್ಮೆಯಿಂದ ಬಿಡಿಸಿ, ಅಳತೆಗೆ ತಕ್ಕಂತೆ ವಿಂಗಡಿಸುವರು. ಆದರೆ ಇದರಲ್ಲಿ ಬುಡ ತುದಿಗಳು ಬೆರೆತುಹೋಗಿರುತ್ತವೆ. ಅಂಥ ಕೂದಲನ್ನು ಕಾರ್ಖಾನೆಗಳು ಅನೇಕ ವೇಳೆ ಆಮ್ಲದಲ್ಲಿ ತೊಳೆದು ಹುರುಪೆಗಳನ್ನೇ ತೆಗೆದುಹಾಕಿ, ಮೇಲೆ ಸಿಲಿಕೋನಿನ ಲೇಪವನ್ನು ಕೊಡುವುವು. ಅಂಗಡಿಯಲ್ಲಿ ಅದು ರೆಮಿಗಿಂತಲೂ ಹೆಚ್ಚಾಗಿ ಮಿರುಗಬಹುದು. ಹಲವು ಸಲ ತೊಳೆದ ಮೇಲೆ ಲೇಪ ಹೋಗಿ ಕೂದಲು ಒರಟಾಗುವುದು. ಆದುದರಿಂದ ಹೊಳಪೊಂದನ್ನೇ ನೋಡಿ ಬೆಲೆ ಕಟ್ಟಬಾರದು.

ಕಾರ್ಖಾನೆಯ ಎಳೆ

ಅಗ್ಗದ ವಿಗ್ಗುಗಳಲ್ಲಿ ಮನುಷ್ಯರ ಕೂದಲೇ ಇರುವುದಿಲ್ಲ. ಅವುಗಳಲ್ಲಿ ಬಹುಪಾಲು ಮೋಡಾಕ್ರಿಲಿಕ್ ಎಂಬ ಕೃತಕ ನೂಲಿನಿಂದ ಆದುವು. ಅಕ್ರಿಲೋನೈಟ್ರೈಲ್ ಎಂಬ ದ್ರವವನ್ನು ಬೇರೆ ಸಂಯುಕ್ತಗಳೊಡನೆ ಸರಪಣಿಯಾಗಿ ಕೂಡಿಸಿ, ಸಣ್ಣ ರಂಧ್ರಗಳ ಮೂಲಕ ಹಾಯಿಸಿ ಈ ಎಳೆಯನ್ನು ತೆಗೆಯುವರು. ಜಪಾನಿನ ಕಾನೆಕಲಾನ್ ಈ ಜಾತಿಯ ಹೆಸರಾಂತ ನೂಲು. ಹೆಚ್ಚಿನ ಶಾಖವನ್ನು ತಡೆಯಬೇಕಾದ ಕಡೆ ಪಾಲಿಯೆಸ್ಟರ್ ಜಾತಿಯ ಎಳೆಗಳನ್ನೂ ಬಳಸುವರು.

ಎರಡು ಬಗೆಗಳಲ್ಲಿ ಯಾವುದು ಮೇಲು? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೂದಲು ನೀರನ್ನು ಹೀರುವುದು. ಚೆನ್ನಾಗಿ ನೆನೆದಾಗ ತನ್ನ ತೂಕದ ಸುಮಾರು ನೂರಕ್ಕೆ ಮೂವತ್ತರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಕಾದ ಇಕ್ಕಳದಿಂದ ಗುಂಗುರು ಮಾಡಿದಾಗ ಆ ಆಕಾರವನ್ನು ಹಿಡಿದಿಡುವುದು ಕೆರಾಟಿನ್ ಸರಪಣಿಗಳ ನಡುವಣ ದುರ್ಬಲವಾದ ಹೈಡ್ರೊಜನ್ ಬಂಧಗಳು. ನೀರು ತಗುಲಿದೊಡನೆ ಅವು ಸಡಿಲುತ್ತವೆ. ಮಳೆಯಲ್ಲಿ ಒಮ್ಮೆ ನೆನೆದರೆ ಸಾಕು, ಬೆಲೆಬಾಳುವ ಕೇಶಾಲಂಕಾರ ಮಾಯವಾಗುವುದು. ಕೃತಕ ಎಳೆ ಹೀರುವ ನೀರು ಅತ್ಯಲ್ಪ. ಕಾರ್ಖಾನೆಯಲ್ಲಿ ಬಿಸಿಯಿಂದ ಕೊಟ್ಟ ಗುಂಗುರು ಅದರಲ್ಲಿ ತೊಳೆದ ಮೇಲೂ ಹಾಗೆಯೇ ಉಳಿಯುವುದು. ಮಡಿಕೇರಿಯ ಮಳೆಗೆ ಅದೇ ತಕ್ಕದ್ದು.

ಆದರೆ ಕೃತಕ ಎಳೆಗೆ ಬಿಸಿಯೇ ಶತ್ರು. ಕುದಿಯುವ ಪಾತ್ರೆಯ ಆವಿ ಬಡಿದರೂ ಅದು ಸುರುಟಿ ಕೆಡಬಹುದು. ದಿನವೂ ಧರಿಸಿದರೆ ಕೆಲವು ತಿಂಗಳುಗಳಲ್ಲಿ ಬಟ್ಟೆಗೆ ಉಜ್ಜಿ ತುದಿಗಳು ಒರಟಾಗುವುವು. ಮನುಷ್ಯರ ಕೂದಲನ್ನಾದರೋ ಬಿಸಿಮಾಡಿ ಬೇಕಾದ ಆಕಾರಕ್ಕೆ ತರಬಹುದು, ಬಣ್ಣ ಹಾಕಬಹುದು, ಜೋಪಾನ ಮಾಡಿದರೆ ವರ್ಷಕ್ಕೂ ಮೇಲೆ ಬಾಳುವುದು. ಬಿಸಿಲಿನಲ್ಲಿ ಮಾತ್ರ ಅದರ ಬಣ್ಣ ಮಾಸುವುದು.

ಯಾವುದು ಯಾವುದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯುಂಟು. ಉದುರಿದ ಒಂದೇ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಹಿರಿಯರೊಬ್ಬರ ಎದುರಿನಲ್ಲಿ ಜ್ವಾಲೆಗೆ ತೋರಿಸಿರಿ. ಕೂದಲಾದರೆ ಗರಿ ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುವುದು. ವಾಸನೆಗೆ ಕಾರಣ ಕೆರಾಟಿನ್ನಿನಲ್ಲಿರುವ ಗಂಧಕ. ಕೃತಕ ನೂಲಾದರೆ ಮುದುಡಿ ಗಟ್ಟಿಯಾದ ಮಣಿಯಾಗುವುದು.

ಆರಿಸುವ ಬಗೆ

ವಿಗ್ಗು ತಲೆಯ ಮೇಲೆ ನಿಜವಾಗಿ ಕಾಣುವುದೂ ಕಾಣದಿರುವುದೂ ಅದರ ಬುಡದ ಟೋಪಿಯನ್ನು ಅವಲಂಬಿಸಿದೆ. ಅಗ್ಗದ ಬಗೆಯಲ್ಲಿ ಎಳೆಗಳನ್ನು ಪಟ್ಟಿಗಳಾಗಿ ಯಂತ್ರದಿಂದ ಹೊಲಿದು, ಆ ಪಟ್ಟಿಗಳನ್ನು ಟೋಪಿಗೆ ಸೇರಿಸಿರುವರು. ಇದು ಹಗುರ, ಪಟ್ಟಿಗಳ ನಡುವೆ ಗಾಳಿಯಾಡುವುದು. ಆದರೆ ಬೈತಲೆ ತೆಗೆದರೆ ಹೊಲಿಗೆ ಕಾಣುವುದು. ಬೆಲೆಯ ಬಗೆಯಲ್ಲಿ ತೆಳುವಾದ ಬಲೆಯ ಬಟ್ಟೆಗೆ ಸಣ್ಣ ಕೊಕ್ಕೆಯಿಂದ ಒಂದೊಂದೇ ಎಳೆಯನ್ನು ಕೈಯಿಂದ ಗಂಟು ಹಾಕುವರು. ನೊಸಲಿನ ಅಂಚಿಗೆ ಮಾತ್ರ ಬಲೆಯನ್ನಿಟ್ಟು, ಉಳಿದುದನ್ನು ಯಂತ್ರದಿಂದ ಮಾಡಿದ ಬಗೆ ಮಧ್ಯಮ ಬೆಲೆಗೆ ದೊರೆಯುವುದು. ಸಾಮಾನ್ಯವಾದ ಬಳಕೆಗೆ ಇದು ಸಾಕು.

ಹೊಸಬರು ಮಾಡುವ ತಪ್ಪೆಂದರೆ ದಟ್ಟವಾದುದೇ ಚೆಲುವೆಂದು ತಿಳಿಯುವುದು. ಹಣೆಯ ಬಳಿ ನಿಜವಾದ ಕೂದಲು ವಿರಳವಾಗಿರುವುದು. ಅಲ್ಲಿ ಗೋಡೆ ಕಟ್ಟಿದಂತಿದ್ದರೆ ನೋಡಿದವರಿಗೆ ಕೂಡಲೇ ಗುಟ್ಟು ತಿಳಿಯುವುದು. ಬಣ್ಣದಲ್ಲಿಯೂ ಹೀಗೆಯೇ. ಯಾರ ತಲೆಯಲ್ಲಿಯೂ ಎಲ್ಲ ಎಳೆಗಳು ಒಂದೇ ಬಣ್ಣವಾಗಿರುವುದಿಲ್ಲ. ಎರಡು ಮೂರು ಛಾಯೆಗಳು ಬೆರೆತ ಕಪ್ಪು, ಒಂದೇ ಸಮನಾದ ಕಡುಗಪ್ಪಿಗಿಂತ ಸಹಜವಾಗಿ ಕಾಣುವುದು. ಬಣ್ಣವನ್ನು ದೀಪದ ಬೆಳಕಿನಲ್ಲಿ ನೋಡದೆ ಹಗಲಿನ ಬೆಳಕಿನಲ್ಲಿ ನೋಡಬೇಕು.

ಕೊಳ್ಳುವ ಮೊದಲು ಹಣೆ, ಕಿವಿಯ ಮೇಲ್ಭಾಗ, ಹೆಡತಲೆ ಇವುಗಳನ್ನು ಸುತ್ತಿ ಟೇಪಿನಿಂದ ಅಳೆಯಿರಿ. ಬಿಗಿಯಾದ ಟೋಪಿಯಾಗಲಿ, ದಿನವೂ ಹಚ್ಚುವ ಅಂಟಾಗಲಿ ನೆತ್ತಿಗೆ ಹಿತವಲ್ಲ. ಬಹುಕಾಲ ಒಂದೇ ಕಡೆ ಎಳೆತಕ್ಕೆ ಸಿಕ್ಕಿದ ಸ್ವಂತ ಕೂದಲು ಬುಡಸಹಿತ ನಾಶವಾಗಿ, ಮರಳಿ ಬೆಳೆಯದೆ ಹೋಗುವುದೂ ಉಂಟು. ಸೊಗಸಿಗೆಂದು ಹಾಕಿದ ವಿಗ್ಗು ಕೊನೆಗೆ ಅಗತ್ಯವಾಗಿಬಿಟ್ಟರೆ ಅದಕ್ಕಿಂತ ದುಃಖವಿಲ್ಲ. ಮಲಗುವಾಗ ಅದನ್ನು ತೆಗೆದಿಟ್ಟು, ನೆತ್ತಿಗೆ ಗಾಳಿ ಸೋಕಗೊಡಬೇಕು.

ಯಾರ ಕೂದಲು?

ಇನ್ನು ಪೀಪ್ಸನ ಪ್ರಶ್ನೆಗೆ ಬರೋಣ. ಪ್ರಪಂಚದ ಉತ್ತಮವಾದ ವಿಗ್ಗುಗಳಲ್ಲಿ ಅನೇಕಕ್ಕೆ ಕೂದಲು ಹೋಗುವುದು ನಮ್ಮ ದೇಶದಿಂದಲೇ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಹರಕೆ ಹೊತ್ತ ಭಕ್ತರು ಮುಡಿಯನ್ನು ಒಪ್ಪಿಸುವರು. ಕನ್ನಡನಾಡಿನಿಂದಲೂ ಎಷ್ಟೋ ಕುಟುಂಬಗಳು ಹೋಗುವುವು. ಆ ಕೂದಲನ್ನು ದೇವಸ್ಥಾನವು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಮಾಡುವುದು. ಹಣ ದೇವಸ್ಥಾನಕ್ಕೆ ಸೇರುವುದು; ಮುಡಿ ಕೊಟ್ಟವರು ಬೆಲೆಯನ್ನು ಬಯಸಿ ಕೊಟ್ಟವರಲ್ಲ. ತಮ್ಮ ಚೆಲುವನ್ನೇ ಬಿಟ್ಟುಕೊಡುತ್ತೇವೆಂಬ ಭಾವನೆಯಿಂದ ಕೊಟ್ಟುದು ದೂರದ ಊರಿನಲ್ಲಿ ಇನ್ನೊಬ್ಬರ ಚೆಲುವಾಗುವುದು.

ಇದರಿಂದ ೨೦೦೪ರಲ್ಲಿ ಒಂದು ದೊಡ್ಡ ಕೋಲಾಹಲವೇ ಎದ್ದಿತು. ಸಂಪ್ರದಾಯಸ್ಥ ಯೆಹೂದಿ ಸ್ತ್ರೀಯರು ಮದುವೆಯಾದ ಮೇಲೆ ತಮ್ಮ ಕೂದಲನ್ನು ಪರರಿಗೆ ತೋರಿಸುವುದಿಲ್ಲ. ಅವರಲ್ಲಿ ಹಲವರು ವಿಗ್ಗು ಧರಿಸುವರು. ಭಾರತದ ಕೂದಲು ಅನ್ಯ ದೇವತೆಗೆ ಅರ್ಪಿಸಿದುದು, ಆದುದರಿಂದ ಅದನ್ನು ಧರಿಸಕೂಡದೆಂದು ಜೆರೂಸಲೆಮ್ಮಿನ ಧರ್ಮಪಂಡಿತ ಯೋಸೆಫ್ ಶಾಲೋಮ್ ಎಲ್ಯಾಶೀವರು ಆ ವರ್ಷದ ಮೇ ತಿಂಗಳಲ್ಲಿ ತೀರ್ಪಿತ್ತರು. ಇಸ್ರೇಲಿನಲ್ಲಿಯೂ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿಯೂ ಬೆಲೆಬಾಳುವ ವಿಗ್ಗುಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಎಷ್ಟೋ ಮಂದಿ ತಮ್ಮ ತಲೆಯ ಮೇಲಿದ್ದ ಕೂದಲು ಎಲ್ಲಿಯದೆಂದು ಕೇಳಿದುದು ಆಗಲೇ.

ವಿಗ್ಗು ಧರಿಸುವುದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅಂಗಡಿಗೆ ಹೋದಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇದು ಕೂದಲೋ ನೂಲೋ? ಕೂದಲಾದರೆ ಬುಡ ತುದಿಗಳು ಒಂದೇ ದಿಕ್ಕಿನಲ್ಲಿವೆಯೇ? ಇದು ಬಂದುದು ಎಲ್ಲಿಂದ? ಮೊದಲೆರಡಕ್ಕೆ ನಿಮ್ಮ ಬೆರಳುಗಳೇ ಉತ್ತರ ಕೊಡಬಲ್ಲುವು. ಮೂರನೆಯದಕ್ಕೆ ವ್ಯಾಪಾರಿಯೇ ಹೇಳಬೇಕು. ಇಂದು ಸರಿಯಾದ ಉತ್ತರ ದೊರೆಯುವುದು ಅಪರೂಪ, ಆದರೂ ಕೇಳಿರಿ. ಕೇಳುವವರು ಹೆಚ್ಚಿದಂತೆ ಹೇಳುವವರೂ ಹೆಚ್ಚುವರು.