ಕಲಕತ್ತೆಯ ಒಂದು ಚದುರಂಗದಾಟದ ಮೂಲವಿಚಾರ

೧೮೬೪ನೆಯ ಇಸವಿ ಜುಲೈ ತಿಂಗಳ ‘ಚೆಸ್ ಪ್ಲೇಯರ್ಸ್ ಮ್ಯಾಗಜೀನ್’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಚದುರಂಗದಾಟವೊಂದರ ಹದಿನೆಂಟು ನಡೆಗಳು ಅಚ್ಚಾದುವು. ಆಟವು ನಡೆದುದು ಅದಕ್ಕೆ ಹಿಂದೆ, ೧೮೫೫ರಲ್ಲಿ, ಕಲಕತ್ತೆಯಲ್ಲಿ. ಬಿಳಿಯ ಪಕ್ಷವನ್ನು ವಹಿಸಿದ್ದವನು ಅಲ್ಲಿ ನ್ಯಾಯವಾದಿಯಾಗಿದ್ದ ಜಾನ್ ಕಾಕ್ರೇನ್ (೧೭೯೮–೧೮೭೮). ಕರಿಯ ಪಕ್ಷದವನು ವಂಗದೇಶದ ಬ್ರಾಹ್ಮಣನಾದ ಮಹೇಶಚಂದ್ರ ಬಂದ್ಯೋಪಾಧ್ಯಾಯ. ಸೋತವನು ಮಹೇಶಚಂದ್ರನೇ. ಆದರೂ ಅವನು ರಚಿಸಿದ ವ್ಯೂಹವು ಉಳಿಯಿತು. ೧೯೨೨ರಲ್ಲಿ ವಿಯೆನ್ನಾನಗರದಲ್ಲಿ ಎರ್ನ್ಸ್ಟ್ ಗ್ರ್ಯೂನ್‌ಫೆಲ್ಡನು ಅದೇ ವ್ಯೂಹದಿಂದ ಆಲೆಖಿನ್‌ನಂತಹ ಪ್ರೌಢನನ್ನು ಗೆದ್ದ ಮೇಲೆ ಅದಕ್ಕೆ ಗ್ರ್ಯೂನ್‌ಫೆಲ್ಡ್ ರಕ್ಷಣವೆಂದೇ ಹೆಸರಾಯಿತು. ಮಹೇಶಚಂದ್ರನಿಗೆ ಇದು ಎಲ್ಲಿಂದ ಬಂದಿತೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಸಾಮಾನ್ಯವಾಗಿ ಕೊಡುವ ಉತ್ತರವಿದು: ನಮ್ಮ ದೇಶದ ಆಟದಲ್ಲಿ ಪದಾತಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ, ಯೂರೋಪಿನಂತೆ ಎರಡು ಮನೆಗಳಿಲ್ಲ. ಆದುದರಿಂದ ಭಾರತೀಯನು ನಡುಮನೆಗಳನ್ನು ಕೂಡಲೆ ಆಕ್ರಮಿಸಲಾರದೆ, ರಾಜನ ಕಡೆಯ ಕುದುರೆಯ ಮುಂದಣ ಪದಾತಿಯನ್ನು ಒಂದು ಮನೆ ಸರಿಸಿ, ತೆರವಾದ ಆ ಮನೆಯಲ್ಲಿ ಒಂಟೆಯನ್ನಿರಿಸಿ, ದೂರದಿಂದ ನಡುವನ್ನು ಕಾಯುತ್ತಾನೆ. ಪಾಠಶಾಲೆಯ ಜಗುಲಿಯಲ್ಲಿ ಆಡಿದ ನಮ್ಮಂಥವರಿಗೆ ಇದು ಕೇಳಿದೊಡನೆ ಹಿಡಿಸುವ ಮಾತು. (ನಾವು ಒಂಟೆಯೆನ್ನುವುದನ್ನು ವಂಗೀಯರು ಗಜವೆನ್ನುವರು, ನಮ್ಮ ಆನೆಯು ಅವರಲ್ಲಿ ನೌಕೆ.)

ಆದರೆ ಆಟವನ್ನೇ ಮುಂದಿಟ್ಟುಕೊಂಡು ನೋಡಬೇಕು. ಕರಿಯನ ಮೊದಲ ನಡೆ ಕುದುರೆಯದು. ಎರಡನೆಯದು ಮೇಲೆ ಹೇಳಿದ ಪದಾತಿಯ ಒಂದು ಮನೆ. ಮೂರನೆಯ ನಡೆಯಲ್ಲಿ ಮಂತ್ರಿಯ ಮುಂದಣ ಪದಾತಿಯು ಎರಡು ಮನೆ ಹಾರುತ್ತದೆ. ನಾಲ್ಕನೆಯದರಲ್ಲಿ ಒಂಟೆಯು ತನ್ನ ಸ್ಥಾನಕ್ಕೆ ಬರುತ್ತದೆ. ಐದನೆಯದರಲ್ಲಿ ರಾಜನು ಕೋಟೆ ಕಟ್ಟುತ್ತಾನೆ. ಎಂಟನೆಯದರಲ್ಲಿ ಮಂತ್ರಿಯ ಕಡೆಯ ಒಂಟೆಯ ಪದಾತಿಯೂ ಎರಡು ಮನೆಯೇ ನಡೆದು ಬಿಳಿಯನ ನಡುಸೇನೆಯನ್ನು ತಾಗುತ್ತದೆ. ಕೋಟೆ ಕಟ್ಟುವುದು ನಮ್ಮದಲ್ಲ. ನಮ್ಮಲ್ಲಿ ಹಲವೆಡೆ ರಾಜನು ಆಟಕ್ಕೊಮ್ಮೆ ಕುದುರೆಯಂತೆ ನೆಗೆಯಬಹುದಾಗಿತ್ತು, ಅಷ್ಟೆ. ಹೀಗೆ ಕರಿಯನ ಮೊದಲ ಮೂರು ಪದಾತಿನಡೆಗಳಲ್ಲಿ ದೇಶೀಯ ನಿಯಮಕ್ಕೆ ಒಪ್ಪುವುದು ಒಂದೇ. ವ್ಯೂಹದ ಪ್ರಾಣವಾದ ಎರಡು ಪೆಟ್ಟುಗಳೂ ಯೂರೋಪಿನ ನಿಯಮವಿಲ್ಲದೆ ಸಾಧ್ಯವಿಲ್ಲ.

ಮೂಲವನ್ನು ಇನ್ನೂ ಹಿಂದಕ್ಕೆ, ಸಂಸ್ಕೃತಗ್ರಂಥಗಳಿಗೆ ಒಯ್ಯಬೇಕೆಂಬ ಅಭಿಮಾನವು ಕೆಲವರಿಗುಂಟು. ಕಲ್ಯಾಣದ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚದುರಂಗವು ವಿನೋದಗಳಲ್ಲಿ ಒಂದಾಗಿದೆ, ವಂಗೀಯನಾದ ರಘುನಂದನನ ‘ತಿಥಿತತ್ತ್ವ’ದಲ್ಲಿ ನಾಲ್ವರು ಪಾಶವನ್ನೆಸೆದು ಆಡುವ ಆಟವುಂಟು. ಇವನ್ನು ಈ ವಿಚಾರಕ್ಕೆ ಎಳೆತರುವುದು ಸರಿಯಲ್ಲ. ೧೦೩೦ರ ಸುಮಾರಿನಲ್ಲಿ ಅಲ್‌ಬೀರೂನಿಯು ವರ್ಣಿಸಿದ ಭಾರತೀಯ ಆಟದಲ್ಲಿ ಗಜವು ಮುಂದಕ್ಕೊಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುತ್ತಿತ್ತು. ಅರಬ್ಬರಲ್ಲಿ ಅದು ಮೂಲೆಯ ದಿಕ್ಕಿನಲ್ಲಿ ಎರಡನೆಯ ಮನೆಗೆ ನೆಗೆಯುತ್ತಿತ್ತು. ಕರ್ಣರೇಖೆಯ ಉದ್ದಕ್ಕೂ ಓಡುವ ಶಕ್ತಿಯಿಲ್ಲದ ಕಾಯಿಯನ್ನು ಕುದುರೆಯ ಪದಾತಿಯ ಮನೆಯಲ್ಲಿಟ್ಟು ಫಲವೇನು? ಆ ಶಕ್ತಿಯು ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ನೆಲೆಗೊಂಡು ಬಳಿಕ ನಮ್ಮಲ್ಲಿಗೆ ಬಂದುದು. ಆದುದರಿಂದ ಮಹೇಶಚಂದ್ರನು ಊರಿನಲ್ಲಿ ಕಲಿತ ‘ದೇಶೀಯ’ ಆಟವೇ ಆಗಲೇ ಮಿಶ್ರವಾದುದು. ೧೮೧೪ರಷ್ಟು ಹಿಂದೆಯೇ ತಿರುವೇಂಗಡಾಚಾರ್ಯಶಾಸ್ತ್ರಿಯು ಸಂಸ್ಕೃತದಲ್ಲಿ ಬರೆದ ಚದುರಂಗಗ್ರಂಥವು ಯೂರೋಪಿನ ರೀತಿಗೆ ಹೊಂದಿಸಲ್ಪಟ್ಟು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತೆಂಬುದನ್ನೂ ನೆನೆಯಬೇಕು.

ಇನ್ನು ಹೆಸರಿನ ತೊಡಕು. ೧೮೪೮ರ ಕಲಕತ್ತೆಯ ಇನ್ನೊಂದು ಆಟವು ಪ್ರಸಿದ್ಧವಾಗಿದೆ. ಕಾಕ್ರೇನನು ನಾಲ್ಕನೆಯ ನಡೆಯಲ್ಲಿಯೇ ತನ್ನ ಕುದುರೆಯನ್ನು ಎರಡು ಪದಾತಿಗಳಿಗಾಗಿ ಬಲಿಗೊಟ್ಟುದು ಅದರಲ್ಲಿಯೇ. ಅಲ್ಲಿ ಎದುರಾಳಿಯ ಹೆಸರು ‘ಮೊಹಿಶುಂದರ್’ ಎಂದು ಅಚ್ಚಾಗಿದೆ. ೧೮೫೫ರ ಆಟದಲ್ಲಿ ‘ಮೊಹೇಶ್‌ಚಂದರ್’. ಕನ್ನಡಿಗನು ಮೊದಲನೆಯದನ್ನು ‘ಮಹೀಸುಂದರ’ನೆಂದು ತಿದ್ದಲು ಹೊರಟರೆ ಆಶ್ಚರ್ಯವಿಲ್ಲ. ಆದರೆ ವಂಗೀಯರ ಉಚ್ಚಾರದಲ್ಲಿ ಅಕಾರವು ಒಕಾರದ ಕಡೆಗೆ ತಿರುಗುವುದು. ‘ಮೊಹೇಶ್‌ಚೊಂದ್ರೊ’ ಎಂಬುದನ್ನು ಕೇಳಿದ ಆಂಗ್ಲನ ಕಿವಿಯಲ್ಲಿ ಶಕಾರಚಕಾರಗಳು ಒಂದರೊಳಗೊಂದು ಅಡಗಿ ‘ಮೊಹಿಶುಂದರ್’ ಆಗಲು ಬಹಳ ದೂರವಿಲ್ಲ. ಸುಂದರಶಬ್ದದ ದಂತ್ಯ ಸಕಾರವೂ ವಂಗೀಯರ ಬಾಯಲ್ಲಿ ಶಕಾರವೇ ಆಗುವುದರಿಂದ ಶಬ್ದವೊಂದರಿಂದಲೇ ಇದು ಸಿದ್ಧಿಸದು. ಆದರೆ ೧೮೫೦ರಲ್ಲಿ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಪತ್ರಿಕೆಗೆ ಕಲಕತ್ತೆಯಿಂದ ಹೋದ ಪತ್ರವು, ಹಳ್ಳಿಗಾಡಿನಲ್ಲಿ ಯಾರಿಗೂ ಸೋಲದ ಬ್ರಾಹ್ಮಣನೆಂದು ಖ್ಯಾತನಾದ ಬ್ಯಾನರ್ಜಿಯನ್ನು ಎರಡು ವರ್ಷಗಳ ಹಿಂದೆ, ಎಂದರೆ ೧೮೪೮ರಲ್ಲಿ, ಕಂಡುಹಿಡಿದರೆಂದು ಹೇಳುತ್ತದೆ. ಬ್ಯಾನರ್ಜಿಯೆಂಬುದು ಬಂದ್ಯೋಪಾಧ್ಯಾಯಪದದ ವ್ಯಾವಹಾರಿಕ ರೂಪ. ಕಾಲವೂ ಊರೂ ಎದುರಾಳಿಯೂ ಕೂಡಿಬರುವುದರಿಂದ ಇಬ್ಬರೂ ಒಬ್ಬನೇ ಎಂದು ನಾನು ತಿಳಿಯುತ್ತೇನೆ. ಮದರಾಸಿನಲ್ಲಿ ಗುಲಾಂ ಕಾಸಿಮನೊಡನೆ ೧೮೨೯ರಲ್ಲಿ ಗ್ರಂಥ ಬರೆದ ಜೇಮ್ಸ್ ಕಾಕ್ರೇನನು ಮಾತ್ರ ಬೇರೆಯವನು.

ಈ ಐಕ್ಯವನ್ನು ಒಪ್ಪಿದರೆ ಒಂದು ಫಲವುಂಟು. ೧೮೪೮ರ ಆ ಆಟದಲ್ಲಿ ಕರಿಯನ ಮೊದಲ ನಡೆಯೇ ರಾಜನ ಪದಾತಿಯ ಎರಡು ಮನೆ. ಎಂದರೆ ೧೮೫೫ರ ಹೊತ್ತಿಗೆ ಮಹೇಶಚಂದ್ರನು ಯೂರೋಪಿನ ನಿಯಮದಲ್ಲಿ ಏಳು ವರ್ಷ ನುರಿತಿದ್ದನು. ಪದಾತಿಯನ್ನು ಒಂದೇ ಮನೆ ಸರಿಸಬೇಕಾದ ನಿರ್ಬಂಧವು ಅವನಿಗಿರಲಿಲ್ಲ. ಹಾಗಿದ್ದೂ ಎರಡನೆಯ ನಡೆಯಲ್ಲಿ ಅವನು ಒಂದೇ ಮನೆ ಸರಿಸಿದನು, ಮೂರನೆಯದರಲ್ಲಿ ಎರಡು ಮನೆ ಹಾರಿಸಿದನು. ಅಭ್ಯಾಸದ ಬಲದಿಂದ ಬಂದುದು ಮೊದಲನೆಯದಿರಬಹುದು. ಎರಡನ್ನೂ ಕೂಡಿಸಿದುದು ಮಾತ್ರ ಅವನ ಸ್ವಂತ ಬುದ್ಧಿ.